ಮನೆಯ ಆಟಕ್ಕೊಂದು ಹೊರಬಾಗಿಲು: ಪೋರ್ಟ್ ಫಾರ್ವರ್ಡಿಂಗ್ ನಡೆದುಬಂದ ದಾರಿ

ಮನೆಯ ಗಣಕಯಂತ್ರವೊಂದರಲ್ಲಿ ಮೈನ್‌ಕ್ರಾಫ್ಟ್ ಆಟದ ಸರ್ವರನ್ನು ನಡೆಸುವುದು ಇಂದು ಕಷ್ಟದ ಕೆಲಸವೇನೂ ಅಲ್ಲ. ಕಡತವೊಂದನ್ನು ಇಳಿಸಿಕೊಂಡು ಚಾಲನೆ ಕೊಟ್ಟರೆ ಪಕ್ಕದ ಕೋಣೆಯಲ್ಲಿರುವ ಮಗು ತನ್ನ ಯಂತ್ರದಿಂದಲೇ ಆ ಲೋಕದೊಳಕ್ಕೆ ಕಾಲಿಡಬಹುದು. ಆದರೆ ಧಾರವಾಡದಲ್ಲಿರುವ ಚಿಕ್ಕಪ್ಪನ ಮಗಳೋ ಚೆನ್ನೈಯಲ್ಲಿರುವ ಹಳೆಯ ಸಹಪಾಠಿಯೋ ಅದೇ ಆಟಕ್ಕೆ ಸೇರಬೇಕೆಂದರೆ ಕೂಡಲೇ ಅಡ್ಡಿ ಎದುರಾಗುತ್ತದೆ. ಅವರಿಗೆ ನಮ್ಮ ಮನೆಯ ಯಂತ್ರ ಕಾಣುವುದೇ ಇಲ್ಲ. ಕಾಣುವಂತೆ ಮಾಡಲು ರೂಟರಿನ ಸೆಟ್ಟಿಂಗ್ ಪುಟದಲ್ಲಿ ಒಂದು ಸಾಲನ್ನು ತುಂಬಬೇಕು. ಆ ಸಾಲಿಗೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು.

ಆ ಸಾಲನ್ನು ತುಂಬುವ ಬಗೆಯನ್ನು ಹೇಳಿಕೊಡುವವರು ಬಹಳ. ಅದು ಏಕೆ ಬೇಕಾಯಿತೆಂದು ಕೇಳುವವರು ಕಡಿಮೆ. ಕೇಳಿದರೆ ನಾಲ್ಕು ದಶಕಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಪ್ರತಿಯೊಂದು ಯಂತ್ರವೂ ಅತಿಥಿಯೂ ಆಗಬಹುದು, ಆತಿಥೇಯನೂ ಆಗಬಹುದು ಎಂಬ ನಂಬಿಕೆಯ ಮೇಲೆ ಕಟ್ಟಿದ ಜಾಲವು ಮನೆಗಳನ್ನು ಬರಿಯ ಅತಿಥಿಗಳನ್ನಾಗಿಸಿದ ಕಥೆ ಅದು. ಇಲ್ಲಿ ನಾವು ಅದನ್ನು ಆಟಗಳ ಕಡೆಯಿಂದ ನೋಡಲೆತ್ನಿಸುತ್ತೇವೆ. ಸಾಮಾನ್ಯರ ಮನೆಗಳು ಅಂತರಜಾಲದಲ್ಲಿ ಆತಿಥ್ಯ ವಹಿಸಿದ್ದು ಬಹುಮಟ್ಟಿಗೆ ಆಟಗಳ ನೆಪದಲ್ಲಿಯೇ.

ಅಂತರಜಾಲದ ವಿಳಾಸ ಪದ್ಧತಿಯನ್ನು ವಿಧಿಸಿದ ದಾಖಲೆ ಹೊರಬಂದದ್ದು 1981ರ ಸೆಪ್ಟೆಂಬರಿನಲ್ಲಿ. ಅದರಂತೆ ಪ್ರತಿಯೊಂದು ವಿಳಾಸವೂ 32 ಬಿಟ್‌ಗಳ ಸಂಖ್ಯೆ. ಅಂದರೆ ಒಟ್ಟು ವಿಳಾಸಗಳು 429 ಕೋಟಿಗಿಂತ ಸ್ವಲ್ಪ ಹೆಚ್ಚು. ಈ ನಿರ್ಧಾರವನ್ನು ಕೈಗೊಂಡವರಲ್ಲಿ ಮುಖ್ಯರಾದ ವಿಂಟ್ ಸರ್ಫ್, ಆಗ ತಾವು ಅದನ್ನೊಂದು ಪ್ರಯೋಗವೆಂದಷ್ಟೇ ಭಾವಿಸಿದ್ದುದಾಗಿ ಮುಂದೆ ಹಲವು ಬಾರಿ ಹೇಳಿದ್ದಾರೆ. ಬೆರಳೆಣಿಕೆಯ ವಿಶ್ವವಿದ್ಯಾಲಯಗಳೂ ಪ್ರಯೋಗಾಲಯಗಳೂ ಇದ್ದ ಜಾಲಕ್ಕೆ 429 ಕೋಟಿ ವಿಳಾಸಗಳು ಮುಗಿಯದ ಕಣಜದಂತೆ ಕಂಡದ್ದು ಸಹಜ.

ವಿಳಾಸವು ಮನೆಯನ್ನು ಗುರುತಿಸಿದರೆ ಪೋರ್ಟ್ ಆ ಮನೆಯ ಬಾಗಿಲನ್ನು ಗುರುತಿಸುತ್ತದೆ. ಒಂದೊಂದು ಯಂತ್ರಕ್ಕೂ 0ಯಿಂದ 65,535ರವರೆಗೆ ಇಂಥ ಬಾಗಿಲುಗಳಿವೆ. ಜಾಲಪುಟಕ್ಕೆ 80, ಮಿಂಚಂಚೆಗೆ 25 ಎಂಬಂತೆ ಯಾವ ಕೆಲಸಕ್ಕೆ ಯಾವ ಬಾಗಿಲು ಎಂಬ ಪಟ್ಟಿಯನ್ನು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ 1998ರಲ್ಲಿ ತೀರಿಕೊಳ್ಳುವವರೆಗೂ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದರು. ಈ ವ್ಯವಸ್ಥೆಯಲ್ಲಿ ದೊಡ್ಡ ಯಂತ್ರ, ಸಣ್ಣ ಯಂತ್ರ ಎಂಬ ಭೇದವಿರಲಿಲ್ಲ. ವಿಳಾಸವಿದ್ದ ಯಾವ ಯಂತ್ರವಾದರೂ ಇನ್ನೊಂದನ್ನು ಕರೆಯಬಹುದಿತ್ತು, ಇನ್ನೊಂದರ ಕರೆಗೆ ಓಗೊಡಬಹುದಿತ್ತು.

1990ರ ದಶಕದ ಆರಂಭಕ್ಕೆ ಕಣಜದ ತಳ ಕಾಣಬಹುದೆಂಬ ಆತಂಕ ಹುಟ್ಟಿತು. ವಿಳಾಸಗಳನ್ನು ದೊಡ್ಡ ದೊಡ್ಡ ಕಟ್ಟುಗಳಾಗಿ ಹಂಚಿದ್ದರಿಂದ ಕೆಲವು ಸಂಸ್ಥೆಗಳ ಬಳಿ ಒಂದೂವರೆ ಕೋಟಿಗೂ ಮಿಕ್ಕಿದ ವಿಳಾಸಗಳು ಸುಮ್ಮನೆ ಬಿದ್ದಿದ್ದವು; ಹೊಸದಾಗಿ ಬಂದವರಿಗೆ ಮಾತ್ರ ಕೊರತೆ. ಆಗ ಎರಡು ದಾರಿಗಳು ಕಂಡವು. ಒಂದು, ಇನ್ನಷ್ಟು ಉದ್ದದ ವಿಳಾಸಗಳುಳ್ಳ ಹೊಸ ಪದ್ಧತಿಯನ್ನು ರೂಪಿಸುವುದು. ಇನ್ನೊಂದು, ಅದು ಸಿದ್ಧವಾಗುವವರೆಗೆ ಕಾಲ ತಳ್ಳಲು ಒಂದು ಉಪಾಯ ಮಾಡುವುದು. ಆ ಉಪಾಯವನ್ನು ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ 1994ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1631 ಎಂಬ ದಾಖಲೆಯಲ್ಲಿ ವಿವರಿಸಿದರು. ವಿಳಾಸವನ್ನು ಮಾರ್ಪಡಿಸುವ ಆ ಉಪಾಯಕ್ಕೆ ನ್ಯಾಟ್ ಎಂಬ ಹೆಸರು ನಿಂತಿತು. ಇದು ಅಲ್ಪಕಾಲದ ಪರಿಹಾರ, ದೀರ್ಘಕಾಲಕ್ಕೆ ತಕ್ಕುದಲ್ಲ ಎಂಬ ಎಚ್ಚರಿಕೆಯನ್ನು ಅದರ ಕರ್ತೃಗಳೇ ಅದೇ ದಾಖಲೆಯಲ್ಲಿ ಕೊಟ್ಟಿದ್ದಾರೆ.

ಮುಂಬೈ, ಪುಣೆ, ಹೈದರಾಬಾದುಗಳ ವಸತಿ ಸೊಸೈಟಿಗಳಲ್ಲಿ ಬಾಳುವವರಿಗೆ ಈ ಉಪಾಯವನ್ನು ಅರಿಯುವುದು ಸುಲಭ. ಎಂಬತ್ತು ಮನೆಗಳ ಕಟ್ಟಡಕ್ಕೆ ಬೀದಿಯ ಕಡೆಯಿಂದ ಒಂದೇ ವಿಳಾಸ, ಒಂದೇ ಗೇಟು, ಗೇಟಿನಲ್ಲಿ ಒಬ್ಬ ವಾಚ್‌ಮನ್. ಒಳಗಿನ ಮನೆಗಳ ಸಂಖ್ಯೆ ಒಳಗಿನವರಿಗಷ್ಟೇ ಅರ್ಥವಾಗುವಂಥದು. 502 ಎಂಬ ಸಂಖ್ಯೆ ಪಕ್ಕದ ಕಟ್ಟಡದಲ್ಲಿಯೂ ಇದ್ದೀತು. ಮನೆಯವರು ಏನನ್ನಾದರೂ ತರಿಸಿಕೊಂಡಾಗ ವಾಚ್‌ಮನ್ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಆ ಸರಕು ಬಂದಾಗ ಪುಸ್ತಕ ನೋಡಿ ಒಳಗೆ ಬಿಡುತ್ತಾನೆ. ಯಾರೂ ಕರೆಯದೆ ಬಂದವನನ್ನು ಮಾತ್ರ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಾನೆ. ಅವನು ಕಳ್ಳನೆಂದಲ್ಲ, ಯಾವ ಮನೆಗೆ ಕಳಿಸಬೇಕೆಂಬುದು ತಿಳಿಯದ ಕಾರಣ.

ರೂಟರಿನ ನಡೆಯೂ ಇದೇ. ಮನೆಯ ಯಂತ್ರಗಳಿಗೆ ಅದು 192.168 ಎಂದು ಮೊದಲಾಗುವ ಒಳವಿಳಾಸಗಳನ್ನು ಕೊಡುತ್ತದೆ. ಇಂಥ ಒಳವಿಳಾಸಗಳನ್ನು ಯಾರು ಬೇಕಾದರೂ ಯಾರನ್ನೂ ಕೇಳದೆ ಬಳಸಬಹುದೆಂಬ ನಿಯಮ 1996ರ ಫೆಬ್ರವರಿಯಲ್ಲಿ ಇಂದಿನ ರೂಪದಲ್ಲಿ ನೆಲೆಗೊಂಡಿತು. ಒಳಗಿನಿಂದ ಹೊರಟ ಪ್ರತಿಯೊಂದು ಕೋರಿಕೆಯನ್ನೂ ರೂಟರು ತನ್ನ ಪಟ್ಟಿಯಲ್ಲಿ ಬರೆದುಕೊಂಡು ತನ್ನದೇ ವಿಳಾಸದಲ್ಲಿ ಹೊರಗೆ ಕಳಿಸುತ್ತದೆ. ಉತ್ತರ ಬಂದಾಗ ಪಟ್ಟಿಯನ್ನು ನೋಡಿ ಸರಿಯಾದ ಯಂತ್ರಕ್ಕೆ ಮುಟ್ಟಿಸುತ್ತದೆ. ಪಟ್ಟಿಯಲ್ಲಿಲ್ಲದ ಕರೆ ಬಂದರೆ ಕೈಬಿಡುತ್ತದೆ. ಪತ್ರಿಕೆ ಓದಲು, ಚಲನಚಿತ್ರ ನೋಡಲು, ಪತ್ರ ಬರೆಯಲು ಇಷ್ಟು ಸಾಕು. ಇತರರನ್ನು ಮನೆಗೆ ಕರೆಯಲು ಸಾಲದು.

ಇದೇ ಹೊತ್ತಿಗೆ ಆಟಗಳ ಲೋಕದಲ್ಲಿ ಬೇರೆಯೇ ಬೆಳವಣಿಗೆ ನಡೆದಿತ್ತು. 1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಡೂಮ್ ಎಂಬ ಆಟವನ್ನು ಬಿಡುಗಡೆ ಮಾಡಿತು. ಒಂದೇ ಕಟ್ಟಡದ ಜಾಲದಲ್ಲಿ ನಾಲ್ವರು ಕೂಡಿ ಅದನ್ನು ಆಡಬಹುದಿತ್ತು. ಅದರ ಮೊದಲ ಆವೃತ್ತಿ ತನ್ನ ಸಂದೇಶಗಳನ್ನು ಜಾಲದ ಎಲ್ಲ ಯಂತ್ರಗಳಿಗೂ ಸಾರುತ್ತಿದ್ದುದರಿಂದ ಕಚೇರಿಗಳ, ವಿಶ್ವವಿದ್ಯಾಲಯಗಳ ಜಾಲಗಳು ಉಸಿರುಕಟ್ಟಿದಂತಾಗಿ, ಕೆಲವೆಡೆ ಆಟವನ್ನೇ ನಿಷೇಧಿಸಬೇಕಾಯಿತು. ಪೋಸ್ಟೆಲ್ ಕಾಪಾಡಿಕೊಂಡು ಬಂದ ಪಟ್ಟಿಯಲ್ಲಿ ಇಂದಿಗೂ 666ನೆಯ ಬಾಗಿಲು ಡೂಮ್ ಹೆಸರಿನಲ್ಲಿದೆ. ಕ್ರೈಸ್ತ ಪರಂಪರೆಯಲ್ಲಿ ಅದು ಅಶುಭದ ಸಂಖ್ಯೆ. ನರಕದ ಭೂತಗಳೊಡನೆ ಕಾದಾಡುವ ಆಟಕ್ಕೆ ಅದನ್ನು ಬೇಕೆಂದೇ ಆರಿಸಿದಂತಿದೆ.

ಅದೇ ಸಂಸ್ಥೆಯ ಕ್ವೇಕ್ 1996ರ ಜೂನ್ ತಿಂಗಳಲ್ಲಿ ಬಂದಾಗ ಆಟದ ಕಟ್ಟಡವೇ ಬದಲಾಗಿತ್ತು. ಆಟದ ಸ್ಥಿತಿಗತಿಯನ್ನೆಲ್ಲ ಒಂದು ಯಂತ್ರ ತನ್ನಲ್ಲಿಟ್ಟುಕೊಳ್ಳುತ್ತದೆ, ಅದೇ ಸರ್ವರ್. ಉಳಿದವರು ಅದಕ್ಕೆ ಕರೆ ಮಾಡಿ ಸೇರುತ್ತಾರೆ. ಈ ಸರ್ವರ್ ಮಾರಾಟಗಾರರ ವಶದಲ್ಲಿರಲಿಲ್ಲ. ಆಟವನ್ನು ಕೊಂಡ ಯಾರಾದರೂ ಸರ್ವರ್ ನಡೆಸಬಹುದಿತ್ತು. ವಿದ್ಯಾರ್ಥಿನಿಲಯಗಳಲ್ಲಿ, ಕಚೇರಿಗಳ ಮೂಲೆಗಳಲ್ಲಿ, ಮನೆಗಳಲ್ಲಿ ಸರ್ವರುಗಳು ಹುಟ್ಟಿಕೊಂಡವು. ಅಲ್ಲಿ ಮನೆಯೊಡೆಯನ ಇಷ್ಟದಂತೆ ನಿಯಮಗಳು, ಪರಿಚಿತರದೇ ಬಳಗ.

ಮೂಲ ಕ್ವೇಕ್ ಸರ್ವರ್ 26000ನೆಯ ಬಾಗಿಲಿನಲ್ಲಿ ಕರೆಯನ್ನು ಸ್ವೀಕರಿಸಿ, ಆಮೇಲೆ ಒಬ್ಬೊಬ್ಬ ಆಟಗಾರನಿಗೂ ಬೇರೊಂದು ಬಾಗಿಲನ್ನು ತೆರೆಯುತ್ತಿತ್ತು. ನೇರ ವಿಳಾಸವಿದ್ದವರಿಗೆ ಇದರಿಂದ ತೊಂದರೆಯಿರಲಿಲ್ಲ. ನ್ಯಾಟ್‌ನ ಹಿಂದೆ ಇದ್ದವರಿಗೆ ಅದು ದೊಡ್ಡ ಕಷ್ಟ. ಯಾವ ಬಾಗಿಲು ತೆರೆಯುತ್ತದೆಂದು ಮೊದಲೇ ತಿಳಿಯದಿದ್ದರೆ ವಾಚ್‌ಮನ್‌ಗೆ ಏನೆಂದು ಹೇಳುವುದು? ಅದೇ ವರ್ಷದ ಡಿಸೆಂಬರಿನಲ್ಲಿ, ಮೋಡೆಮ್ ಬಳಸುವವರಿಗಾಗಿ ಜಾನ್ ಕಾರ್ಮ್ಯಾಕ್ ಸಿದ್ಧಪಡಿಸಿದ ಕ್ವೇಕ್‌ವರ್ಲ್ಡ್‌ನಲ್ಲಿ ಎಲ್ಲ ಆಟಗಾರರಿಗೂ 27500 ಎಂಬ ಒಂದೇ ಬಾಗಿಲು. ಮುಂದೆ ಪ್ರಕಟವಾದ ಅದರ ಮೂಲ ಸಂಕೇತದಲ್ಲಿ ಇನ್ನೊಂದು ವಿಷಯವೂ ತಿಳಿದುಬರುತ್ತದೆ. ವಿಳಾಸ ಬದಲಿಸುವ ಕೆಲವು ರೂಟರುಗಳು ಆಟದ ನಡುವೆಯೇ ಆಟಗಾರನ ಪೋರ್ಟ್ ಸಂಖ್ಯೆಯನ್ನು ಬದಲಿಸಿಬಿಡುತ್ತಿದ್ದವು. ಹಾಗಾದಾಗಲೂ ಅವನನ್ನು ಗುರುತಿಸಲೆಂದು ಪ್ರತಿಯೊಂದು ಸಂದೇಶದಲ್ಲಿಯೂ ಒಂದು ಗುರುತಿನ ಸಂಖ್ಯೆಯನ್ನು ಇರಿಸಲಾಗಿತ್ತು. ಗೇಟು ಕಟ್ಟಿದ ಕೆಲವೇ ವರ್ಷಗಳಲ್ಲಿ ಆಟಗಳು ಆ ಗೇಟಿನೊಡನೆ ಏಗುವುದನ್ನು ಕಲಿಯಬೇಕಾಗಿ ಬಂದಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಮುಂಬೈ, ದೆಹಲಿ, ಕಲ್ಕತ್ತ, ಮದರಾಸುಗಳಲ್ಲಿ ಸೇವೆ ಆರಂಭಿಸಿತು. ದೂರವಾಣಿ ತಂತಿಯ ಆ ವೇಗದಲ್ಲಿ ಮನೆಯಿಂದ ಆಟ ಆಡಿಸುವುದು ಕನಸಿನ ಮಾತು. ನಿಮಿಷಗಳೆದಂತೆ ದೂರವಾಣಿಯ ಬಿಲ್ಲೂ ಏರುತ್ತಿತ್ತು. ಹೀಗಾಗಿ ಹಾಫ್‌ಲೈಫ್ ಆಟದಿಂದ 1999ರಲ್ಲಿ ಹುಟ್ಟಿಕೊಂಡ ಕೌಂಟರ್‌ಸ್ಟ್ರೈಕ್ ನಮ್ಮ ನಗರಗಳಿಗೆ ಬಂದಾಗ ಅದಕ್ಕೆ ನೆಲೆ ಕೊಟ್ಟವು ಸೈಬರ್ ಕೆಫೆಗಳು. ಒಂದೇ ಕೋಣೆಯ ಜಾಲವಾದ್ದರಿಂದ ಅಲ್ಲಿ ಗೇಟಿನ ಪ್ರಶ್ನೆಯೇ ಇರಲಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆದು ಮನೆಮನೆಗೆ ತಲಪಿಸಹೊರಟಿತು. ತಂತಿಯೊಡನೆ ರೂಟರೂ ಮನೆಗೆ ಬಂತು, ರೂಟರಿನೊಡನೆ ವಾಚ್‌ಮನ್ನೂ ಬಂದ.

ವಾಚ್‌ಮನ್ ಬಂದ ಮೇಲೆ ಅವನ ಕೈಗೆ ಒಂದು ಚೀಟಿ ಕೊಡುವ ಅಗತ್ಯವೂ ಬಂತು. 'ಇಂಥ ಸಂಖ್ಯೆ ಹೇಳಿಕೊಂಡು ಬಂದವರನ್ನು ಕೇಳದೆ 502ಕ್ಕೆ ಕಳಿಸು' ಎಂಬ ಚೀಟಿ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಇಷ್ಟೇ. ಅದನ್ನು ಬರೆಯುವ ಕ್ರಮದಲ್ಲಿ ಒಂದೊಂದು ಹೆಜ್ಜೆಯೂ ಮೇಲೆ ಹೇಳಿದ ಚರಿತ್ರೆಯ ಒಂದೊಂದು ತುಣುಕು.

ಮೊದಲು, ಸರ್ವರ್ ನಡೆಸುವ ಯಂತ್ರಕ್ಕೆ ಬದಲಾಗದ ಒಳವಿಳಾಸವನ್ನು ರೂಟರಿನಲ್ಲಿ ಕಾಯ್ದಿರಿಸಬೇಕು, ಉದಾಹರಣೆಗೆ 192.168.1.50. ಇಲ್ಲವಾದರೆ ಇಂದು ಆ ಯಂತ್ರಕ್ಕಿದ್ದ ಸಂಖ್ಯೆ ನಾಳೆ ಯಾರದೋ ಫೋನಿಗೆ ಹೋಗಬಹುದು; ಚೀಟಿ ಹಳೆಯ ಮನೆಗೇ ಜನರನ್ನು ಕಳಿಸುತ್ತಿರುತ್ತದೆ. ಎರಡನೆಯದು ಬಾಗಿಲಿನ ಸಂಖ್ಯೆ. ಮೈನ್‌ಕ್ರಾಫ್ಟ್‌ನ ಮೂಲ ಜಾವಾ ಆವೃತ್ತಿಗೆ 25565, ಕೌಂಟರ್‌ಸ್ಟ್ರೈಕ್‌ಗೆ 27015. ಮೂರನೆಯದು ಸಾಗಣೆಯ ಬಗೆ. ಮೈನ್‌ಕ್ರಾಫ್ಟ್ ಬಳಸುವ ಟಿಸಿಪಿ ಸ್ವೀಕೃತಿಪತ್ರವಿರುವ ರಿಜಿಸ್ಟರ್ಡ್ ಅಂಚೆಯಂತೆ; ಗುಂಡು ಹಾರಿಸುವ ಆಟಗಳು ಹೆಚ್ಚಾಗಿ ಬಳಸುವ ಯುಡಿಪಿ ಸಾದಾ ಕಾರ್ಡಿನಂತೆ, ಬೇಗ ಹೋಗುತ್ತದೆ, ತಪ್ಪಿದರೆ ಕೇಳುವವರಿಲ್ಲ. ಚೀಟಿಯಲ್ಲಿ ಇವೆರಡರಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಉಳಿದುದೆಲ್ಲ ಸರಿಯಿದ್ದರೂ ಬಾಗಿಲು ತೆರೆಯದು. ನಾಲ್ಕನೆಯದಾಗಿ, ಯಂತ್ರದೊಳಗಿನ ಫೈರ್‌ವಾಲ್ ಕೂಡ ಅದೇ ಬಾಗಿಲಿಗೆ ಅನುಮತಿ ಕೊಟ್ಟಿರಬೇಕು. ಕೊನೆಯದಾಗಿ, ಮನೆಯ ಹೊರವಿಳಾಸ ಆಗಾಗ ಬದಲಾಗುವುದರಿಂದ ಅದನ್ನು ಹಿಂಬಾಲಿಸುವ ಹೆಸರೊಂದನ್ನು ಪಡೆಯುವುದು ಒಳ್ಳೆಯದು. ಇದಕ್ಕೆ ಡೈನಮಿಕ್ ಡಿಎನ್ಎಸ್ ಎನ್ನುತ್ತಾರೆ. ಇಷ್ಟಾದ ಮೇಲೆ ಪರೀಕ್ಷೆಯನ್ನು ಮನೆಯ ವೈಫೈಯಿಂದಲ್ಲ, ಹೊರಗಿನ ಜಾಲದಿಂದ ಮಾಡಬೇಕು. ಒಳಗಿನವರು ಹೊರವಿಳಾಸದ ಮೂಲಕ ಬಂದರೆ ಗಲಿಬಿಲಿಗೊಳ್ಳುವ ರೂಟರುಗಳು ಹಲವಿವೆ.

ಇಷ್ಟೆಲ್ಲ ಶ್ರಮವೇಕೆ, ಬಾಡಿಗೆಗೆ ಸರ್ವರು ಸಿಗುವುದಿಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನೂ ಚರಿತ್ರೆಯೇ ಕೊಡುತ್ತದೆ. 2009ರ ನವೆಂಬರಿನಲ್ಲಿ ಬಂದ ಮಾಡರ್ನ್ ವಾರ್‌ಫೇರ್ 2 ಆಟದ ಗಣಕಯಂತ್ರದ ಆವೃತ್ತಿಯಲ್ಲಿ ಆಟಗಾರರೇ ಸರ್ವರ್ ನಡೆಸುವ ಅವಕಾಶವನ್ನು ತೆಗೆದುಹಾಕಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸಹಿಮಾಡಿದ ಮನವಿಯೂ ಫಲಿಸಲಿಲ್ಲ. 2014ರ ಮೇ 31ರಂದು ಗೇಮ್‌ಸ್ಪೈ ಸೇವೆ ಮುಚ್ಚಿದಾಗ ಅದನ್ನೇ ನೆಚ್ಚಿದ್ದ ಹತ್ತಾರು ಆಟಗಳಲ್ಲಿ ಕೂಡಿ ಆಡುವ ದಾರಿ ಕಡಿದುಹೋಯಿತು. 2024ರ ಮಾರ್ಚ್ ಕೊನೆಯಲ್ಲಿ ಯುಬಿಸಾಫ್ಟ್ ತನ್ನ ಸರ್ವರುಗಳನ್ನು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡಿದ್ದ ದ ಕ್ರೂ ಎಂಬ ಆಟವು ಒಬ್ಬಂಟಿಯಾಗಿ ಆಡಲೂ ಬಾರದಂತಾಯಿತು. ಇತ್ತ 1996ರ ಕ್ವೇಕ್ ಮಾತ್ರ ಈಗಲೂ ಬದುಕಿದೆ. ಸರ್ವರ್ ನಡೆಸುವ ಅಧಿಕಾರ ಮೊದಲಿನಿಂದಲೂ ಆಡುವವರ ಕೈಯಲ್ಲಿತ್ತು; 1999ರ ಡಿಸೆಂಬರಿನಲ್ಲಿ ಅದರ ಮೂಲ ಸಂಕೇತವೂ ಸಾರ್ವಜನಿಕವಾಯಿತು. ಮನೆಯಲ್ಲಿ ನಡೆಸಬಹುದಾದ ಆಟ ಮಾರಿದವರು ಮರೆತ ಮೇಲೂ ಉಳಿಯುತ್ತದೆ.

ಮೈನ್‌ಕ್ರಾಫ್ಟ್‌ನ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ 2009ರ ಮೇ ತಿಂಗಳಲ್ಲಿ ಅದನ್ನು ಮೊದಲು ಹೊರತಂದರು. ಪೂರ್ಣ ಆವೃತ್ತಿ 2011ರ ನವೆಂಬರಿನಲ್ಲಿ ಬಂತು. ಗುಂಡು ಹಾರಿಸುವ ಆಟದಲ್ಲಿ ಪಂದ್ಯ ಮುಗಿದರೆ ಎಲ್ಲವೂ ಮುಗಿಯಿತು. ಮೈನ್‌ಕ್ರಾಫ್ಟ್‌ನಲ್ಲಿ ಮಕ್ಕಳು ಕೂಡಿ ಕಟ್ಟಿದ ಮನೆ, ತೋಡಿದ ಸುರಂಗ, ನೆಟ್ಟ ತೋಟ ಎಲ್ಲವೂ ಸರ್ವರಿನ ಒಂದು ಫೋಲ್ಡರಿನಲ್ಲಿ ಉಳಿದುಕೊಳ್ಳುತ್ತವೆ. ಆ ಫೋಲ್ಡರು ಮನೆಯ ಯಂತ್ರದಲ್ಲಿದ್ದರೆ ಅದನ್ನು ನಕಲು ಮಾಡಿ ತೆಗೆದಿಡಬಹುದು, ಹತ್ತು ವರ್ಷಗಳ ನಂತರವೂ ತೆರೆದು ನೋಡಬಹುದು. ಬಾಡಿಗೆಯ ಸರ್ವರಿನಲ್ಲಿದ್ದರೆ ತಿಂಗಳ ಹಣ ನಿಂತ ಮೇಲೆ ಅದು ಉಳಿಯುವುದೂ ಅಳಿಯುವುದೂ ಇನ್ನೊಬ್ಬರ ಕೈಯಲ್ಲಿ. ಹುಬ್ಬಳ್ಳಿ, ಪುಣೆ, ದೆಹಲಿಗಳಲ್ಲಿ ಹಂಚಿಹೋದ ಬಂಧುಗಳ ಮಕ್ಕಳಿಗೆ ಬೇಸಗೆಯ ರಜೆಯಲ್ಲಿ ಒಂದೇ ಅಂಗಳ ಸಿಗುವುದು ಅಪರೂಪವಾಗಿರುವಾಗ, ಅವರು ಕೂಡಿ ಕಟ್ಟಿದ್ದನ್ನು ಕಾಯ್ದಿಡುವುದು ಸಣ್ಣ ಸಂಗತಿಯಲ್ಲ.

ಆದರೆ ತೆರೆದ ಬಾಗಿಲಿನಿಂದ ನೆಂಟರಷ್ಟೇ ಬರುವುದಿಲ್ಲ. ಆಟಗಾರರ ಶ್ರಮ ತಪ್ಪಿಸಲೆಂದು, ಯಂತ್ರವೇ ರೂಟರಿಗೆ ಹೇಳಿ ಬಾಗಿಲು ತೆರೆಸಿಕೊಳ್ಳುವ ಯುಪಿಎನ್‌ಪಿ ಎಂಬ ಏರ್ಪಾಡು 2000ದ ದಶಕದಲ್ಲಿ ಬಳಕೆಗೆ ಬಂತು. ಅದರ ಲೋಪಗಳಿಂದ ನಾಲ್ಕೈದು ಕೋಟಿ ಸಾಧನಗಳು ಅಪಾಯಕ್ಕೆ ಒಡ್ಡಿಕೊಂಡಿವೆಯೆಂದು 2013ರ ಜನವರಿಯಲ್ಲಿ ರ್‍ಯಾಪಿಡ್7 ಸಂಸ್ಥೆ ಪ್ರಕಟಿಸಿತು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡು ಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಮೆರಾಗಳನ್ನೂ ರೂಟರುಗಳನ್ನೂ ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದನ್ನು ಬರೆದ ಮೂವರು ಯುವಕರು ಮೈನ್‌ಕ್ರಾಫ್ಟ್ ಸರ್ವರುಗಳ ವ್ಯಾಪಾರದ ಪೈಪೋಟಿಯಲ್ಲಿ ಮುಳುಗಿದ್ದವರು. ಎದುರಾಳಿಗಳ ಸರ್ವರುಗಳನ್ನು ಉರುಳಿಸುವುದು ಅವರ ಗುರಿಗಳಲ್ಲೊಂದಾಗಿತ್ತು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಸಾಧಾರಣ ತಂತ್ರಾಂಶದ ಲೋಪ ಜಗತ್ತಿಗೆ ಎದ್ದು ಕಂಡದ್ದೂ ಮೈನ್‌ಕ್ರಾಫ್ಟ್ ಸರ್ವರುಗಳಲ್ಲಿಯೇ. ಮಾತುಕತೆಯ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದರೆ ಸರ್ವರೇ ಪರರ ವಶವಾಗುತ್ತಿತ್ತು.

ಆದ್ದರಿಂದ ಚೀಟಿ ಬರೆಯುವವರು ಒಂದೇ ಬಾಗಿಲಿಗೆ ಬರೆಯಬೇಕು. ಎಲ್ಲ ಬಾಗಿಲುಗಳನ್ನೂ ಒಂದೇ ಯಂತ್ರಕ್ಕೆ ತೆರೆದಿಡುವ ಡಿಎಂಜೆಡ್ ಎಂಬ ಆಯ್ಕೆಯನ್ನು ಮುಟ್ಟಬಾರದು. ಸರ್ವರ್ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೆಸರು ಬರೆದಿಟ್ಟವರಿಗಷ್ಟೇ ಪ್ರವೇಶ ಕೊಡುವ ಪಟ್ಟಿಯೊಂದು ಮೈನ್‌ಕ್ರಾಫ್ಟ್‌ನಲ್ಲಿಯೇ ಇದೆ, ಅದನ್ನು ಬಳಸಬೇಕು. ಆಟ ನಿಂತ ಮೇಲೆ ಚೀಟಿಯನ್ನು ಹಿಂದಕ್ಕೆ ಪಡೆಯಬೇಕು.

2011ರ ಫೆಬ್ರವರಿ 3ರಂದು ಮಯಾಮಿಯಲ್ಲಿ ನಡೆದ ಸಮಾರಂಭದಲ್ಲಿ ಕಣಜದ ಕೊನೆಯ ಐದು ಕಟ್ಟುಗಳನ್ನು ಐದು ವಲಯಗಳಿಗೆ ಹಂಚಲಾಯಿತು. ಏಪ್ರಿಲ್ 15ರ ಹೊತ್ತಿಗೆ ನಾವಿರುವ ಏಷ್ಯಾ ವಲಯ ತನ್ನ ಕೊನೆಯ ಕಟ್ಟನ್ನು ಬಿಚ್ಚಿ, ವಿಳಾಸಗಳನ್ನು ಪಡಿತರದಂತೆ ಅಳೆದು ಕೊಡತೊಡಗಿತು. ಆಗ ಸೇವಾಸಂಸ್ಥೆಗಳು ಗೇಟಿನ ಹೊರಗೆ ಇನ್ನೊಂದು ಗೇಟು ಕಟ್ಟಿದವು. ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸುವ ಈ ಪದ್ಧತಿಗೆ ಸಿಜಿನ್ಯಾಟ್ ಎನ್ನುತ್ತಾರೆ. 2012ರ ಏಪ್ರಿಲಿನಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಇದಕ್ಕೆಂದೇ ಮೀಸಲಿಡಲಾಯಿತು. ನಮ್ಮ ಕಟ್ಟಡದ ವಾಚ್‌ಮನ್‌ಗೆ ಕೊಟ್ಟ ಚೀಟಿ ಟೌನ್‌ಶಿಪ್ಪಿನ ಹೊರಗೇಟಿನಲ್ಲಿ ನಡೆಯುವುದಿಲ್ಲ. ಅಲ್ಲಿ ಚೀಟಿ ಕೊಡುವ ಅಧಿಕಾರ ನಮಗಿಲ್ಲ. ಎಲ್ಲ ಹೆಜ್ಜೆಗಳನ್ನೂ ಸರಿಯಾಗಿ ಇಟ್ಟರೂ ಸರ್ವರು ಹೊರಗಿನವರಿಗೆ ಕಾಣದಿದ್ದಾಗ ಬಹಳಷ್ಟು ಸಲ ಕಾರಣ ಇದೇ. ರೂಟರಿನ ಪುಟದಲ್ಲಿ ಕಾಣುವ ಹೊರವಿಳಾಸವೂ ಹೊರಗಿನ ಜಾಲತಾಣವೊಂದು ತೋರಿಸುವ ನಮ್ಮ ವಿಳಾಸವೂ ಬೇರೆ ಬೇರೆಯಾಗಿದ್ದರೆ ನಡುವೆ ಎರಡನೆಯ ಗೇಟು ಇದೆಯೆಂದೇ ಅರ್ಥ. ಚೀಟಿ ಬರೆಯಲು ಕೂರುವ ಮುನ್ನ ನೋಡಬೇಕಾದದ್ದು ಇದನ್ನೇ.

ಎರಡನೆಯ ಗೇಟನ್ನು ದಾಟಲು ದಾರಿಗಳಿಲ್ಲದಿಲ್ಲ. ಹೆಚ್ಚಿನ ಹಣ ತೆತ್ತು ಸ್ಥಿರ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬಹುದು. ಹೊರಗಿನ ಯಂತ್ರವೊಂದರ ಮೂಲಕ ಸುರಂಗ ತೋಡಿ ನೆಂಟರನ್ನು ಬಳಸುದಾರಿಯಿಂದ ಕರೆತರಬಹುದು. ಎರಡೂ ದಾರಿಗಳಲ್ಲಿ ಒಂದು ಕಾಲದಲ್ಲಿ ಎಲ್ಲರಿಗೂ ಸಹಜವಾಗಿದ್ದುದನ್ನು ಇನ್ನೊಬ್ಬರಿಂದ ಬೇಡಿ ಪಡೆಯುತ್ತೇವೆ.

1990ರ ದಶಕದಲ್ಲಿ ಕಂಡ ಇನ್ನೊಂದು ದಾರಿಯೂ ಮುಚ್ಚಿಹೋಗಿಲ್ಲ. 128 ಬಿಟ್‌ಗಳ ಉದ್ದನೆಯ ವಿಳಾಸವುಳ್ಳ ಐಪಿವಿ6 ಪದ್ಧತಿಯ ಮೊದಲ ದಾಖಲೆ 1995ರ ಡಿಸೆಂಬರಿನಲ್ಲಿಯೇ ಬಂದಿತ್ತು. ಅದರಲ್ಲಿ ಮನೆಯ ಒಂದೊಂದು ಯಂತ್ರಕ್ಕೂ ಜಗತ್ತಿಗೆ ಕಾಣುವ ವಿಳಾಸ ದೊರೆಯುತ್ತದೆ. ಒಂದೇ ವಿಳಾಸವನ್ನು ಹಂಚಿಕೊಳ್ಳುವ ಅಗತ್ಯವಿಲ್ಲ. ಬಡವರ ಪಾಲಿಗೆ ವಿಳಾಸ ಉಳಿಯದ ಕಾಲದಲ್ಲಿ ಜಾಲಕ್ಕೆ ಬಂದ ಭಾರತವೇ ಇದರಲ್ಲಿ ಮುಂಚೂಣಿಯಲ್ಲಿರುವುದು ಗಮನಿಸಬೇಕಾದ ಸಂಗತಿ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಜಾಲ ಹೊಸ ಪದ್ಧತಿಯನ್ನು ಮೊದಲಿನಿಂದಲೇ ವ್ಯಾಪಕವಾಗಿ ಬಳಸಿತು. ಇಂದು ಗೂಗಲನ್ನು ತಲಪುವ ಭಾರತೀಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬರುವುದು ಈ ದಾರಿಯಲ್ಲಿಯೇ. ಆದರೂ ಇಲ್ಲಿಯೂ ರೂಟರಿನ ಫೈರ್‌ವಾಲ್ ಕರೆಯದೆ ಬಂದವರನ್ನು ಸಾಮಾನ್ಯವಾಗಿ ತಡೆಯುತ್ತದೆ, ತಡೆಯಬೇಕಾದದ್ದೂ ಸರಿಯೇ. ಒಂದು ಬಾಗಿಲಿಗೆ ಅನುಮತಿ ಕೊಡುವ ಸಾಲನ್ನು ಇಲ್ಲಿಯೂ ಬರೆಯಬೇಕು. ಆದರೆ ಆ ಸಾಲು ನಮ್ಮ ಮನೆಯ ರೂಟರಿನಲ್ಲಿಯೇ ಇರುತ್ತದೆ. ಅದನ್ನು ಬರೆಯಲೂ ಅಳಿಸಲೂ ಮನೆಯವರಿಗೆ ಸಾಧ್ಯ.

ಅಲ್ಪಕಾಲದ್ದೆಂದು 1994ರಲ್ಲಿ ಹೇಳಿದ ಉಪಾಯಕ್ಕೆ ಈಗ ಮೂವತ್ತು ವರ್ಷ ಮೀರಿದೆ. ಅದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಅದಿಲ್ಲದಿದ್ದರೆ ಕೋಟ್ಯಂತರ ಮನೆಗಳಿಗೆ ಜಾಲವೇ ತಲಪುತ್ತಿರಲಿಲ್ಲ. ತಲಪಿದ ಜಾಲದಲ್ಲಿ ಆ ಮನೆಗಳು ಬರಿದೇ ತರಿಸಿಕೊಳ್ಳುವ ಮನೆಗಳಾಗಿ ಉಳಿಯಬೇಕೋ, ಕರೆದು ಕೂರಿಸುವ ಮನೆಗಳೂ ಆಗಬೇಕೋ ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳುವುದಕ್ಕೆ ಮಕ್ಕಳ ಆಟದ ಸರ್ವರಿಗಿಂತ ಒಳ್ಳೆಯ ಸಂದರ್ಭ ನಮಗೆ ತೋರುವುದಿಲ್ಲ. ಹೊಸ ಸಂಪರ್ಕ ಪಡೆಯುವಾಗ ವೇಗವೆಷ್ಟು, ಬೆಲೆಯೆಷ್ಟು ಎಂದು ವಿಚಾರಿಸುವ ನಾವು, ಸಾರ್ವಜನಿಕ ವಿಳಾಸ ಸಿಗುವುದೇ, ಐಪಿವಿ6 ಇದೆಯೇ ಎಂಬ ಇನ್ನೆರಡು ಪ್ರಶ್ನೆಗಳನ್ನೂ ಕೇಳುವ ರೂಢಿ ಮಾಡಿಕೊಳ್ಳಬೇಕು.